ಒಮ್ಮೆ ಕಳೆದುಕೊಂಡವಳ ಅಂಜಿಕೆ

ಒಮ್ಮೆ ಗರ್ಭವು ನಿಲ್ಲದೆ ಹೋದ ಮನೆಯಲ್ಲಿ ಸೊಸೆಯೋ ಮಗಳೋ ಮತ್ತೆ ಬಸುರಿಯಾದಳೆಂಬ ವಾರ್ತೆಯು ಹುಟ್ಟಿದೊಡನೆ ಅವಳ ಕಿವಿಗೆ ಬೀಳುವ ಮೊದಲನೆಯ ಮಾತು ‘ಹೆದರಬೇಡ’ ಎಂಬುದು. ಅತ್ತೆಯು ಹೇಳುತ್ತಾಳೆ, ತಾಯಿಯು ಹೇಳುತ್ತಾಳೆ, ನೆರೆಮನೆಯ ಮುತ್ತೈದೆಯು ಹೇಳುತ್ತಾಳೆ, ಔಷಧವನ್ನು ಬರೆದುಕೊಡುವ ವೈದ್ಯರೂ ಹೇಳುತ್ತಾರೆ. ಹೇಳುವವರೆಲ್ಲರೂ ಹಿತೈಷಿಗಳೇ. ಆದರೆ ಕೇಳುವವಳ ಮುಖವನ್ನು ನಿಟ್ಟಿಸಿ ನೋಡಿದವರಿಗೆ, ಆ ಮಾತಿನಿಂದ ಅವಳ ಅಂಜಿಕೆಯು ಎಳ್ಳಷ್ಟೂ ಇಳಿಯಲಿಲ್ಲವೆಂಬುದೂ, ಹೆದರಬಾರದಾಗಿದ್ದರೂ ಹೆದರುತ್ತಿದ್ದೇನಲ್ಲಾ ಎಂಬ ಇನ್ನೊಂದು ಹೊರೆಯು ಅದರ ಮೇಲೆ ಏರಿತೆಂಬುದೂ ತಿಳಿಯದೆ ಇರದು. ಭಯವು ಆಜ್ಞೆಯಿಂದ ಹೋಗತಕ್ಕ ವಸ್ತುವೆ? ಹೋಗದಿದ್ದರೆ ಅದು ಅವಳ ದೋಷವೆ? ದೋಷವಲ್ಲವಾದರೆ ಈ ವಿಷಯದಲ್ಲಿ ಕರ್ತವ್ಯವು ಯಾರದು? ಮೇಲ್ನೋಟಕ್ಕೆ ಇದು ಒಳಮನೆಯ ಹೆಂಗಸರ ಮಾತೆಂದು ತೋರಬಹುದು. ವಿಚಾರಮಾಡಿ ನೋಡಿದರೆ ಧರ್ಮಜಿಜ್ಞಾಸೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಗಳು ಹೆಚ್ಚಾಗಿ ದೊರೆಯಲಾರವು.

ಮೊದಲ ಬಸುರಿನ ಅಂಜಿಕೆಯೂ ಇಂಥವಳ ಅಂಜಿಕೆಯೂ ಒಂದೇ ಜಾತಿಯವಲ್ಲ. ಮೊದಲನೆಯದು ಕೇಳಿ ಹುಟ್ಟಿದ್ದು. ಹೆರಿಗೆಯ ನೋವೆಂತಹದೋ, ಕೂಸು ಹೇಗಿರುವುದೋ ಎಂಬ ಅಸ್ಪಷ್ಟವಾದ ಕಳವಳವದು, ಅದರಲ್ಲಿ ಅರ್ಧದಷ್ಟು ಕುತೂಹಲವೂ ಬೆರೆತಿರುತ್ತದೆ. ಎರಡನೆಯದು ಕಂಡು ಹುಟ್ಟಿದ್ದು. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಮೊದಲನೆಯವಳಿಗೆ ಶಬ್ದವು ಪ್ರಮಾಣ, ಎರಡನೆಯವಳಿಗೆ ಪ್ರತ್ಯಕ್ಷವೇ ಪ್ರಮಾಣ. ಯಾವ ತಿಂಗಳಲ್ಲಿ, ಯಾವ ವಾರದಲ್ಲಿ, ದಿನದ ಯಾವ ಹೊತ್ತಿನಲ್ಲಿ ಹೋದದ್ದೆಂಬುದನ್ನು ಅವಳು ಬಲ್ಲಳು. ಆ ವಾರವು ಸಮೀಪಿಸುತ್ತ ಬಂದಂತೆ ಬಚ್ಚಲುಮನೆಯ ಬಾಗಿಲನ್ನು ತೆರೆಯುವಾಗಲೆಲ್ಲ ಅವಳ ಕೈ ನಡುಗುತ್ತದೆ. ಸೊಂಟದಲ್ಲಿ ಎದ್ದ ಸಣ್ಣ ನೋವಿಗೂ ಅವಳು ಉಸಿರನ್ನು ಹಿಡಿದು ನಿಲ್ಲುತ್ತಾಳೆ. ಬೆಳಗಿನ ಓಕರಿಕೆಯು ಒಂದು ದಿನ ಬರಲಿಲ್ಲವೆಂದರೆ ಇತರ ಬಸುರಿಯರು ಹಾಯೆನ್ನುತ್ತಾರೆ, ಇವಳು ಅಳುತ್ತಾಳೆ. ಆ ವಾರವು ದಾಟಿದ ಮೇಲಾದರೂ ನೆಮ್ಮದಿಯುಂಟೋ ಎಂದರೆ ಅದೂ ಪೂರ್ತಿಯಾಗಿ ಇಲ್ಲ. ಮುಂದಿನದೆಲ್ಲವೂ ಅವಳಿಗೆ ತಿಳಿಯದ ಊರು.

ಇಲ್ಲಿ ಕೆಲವರು ವೇದಾಂತದ ದೃಷ್ಟಾಂತವನ್ನು ತರುವುದುಂಟು. ಹಗ್ಗವನ್ನು ಹಾವೆಂದು ಭ್ರಮಿಸಿ ಹೆದರಿದವನಿಗೆ ದೀಪವನ್ನು ತಂದು ತೋರಿಸಿದರೆ ಭಯವು ತೊಲಗುವಂತೆ, ಇವಳ ಭಯವೂ ಭ್ರಾಂತಿಮೂಲವಾದುದರಿಂದ ತಿಳಿವಳಿಕೆಯಿಂದಲೇ ತೊಲಗಬೇಕೆಂದು ಅವರ ಅಭಿಪ್ರಾಯ. ದೃಷ್ಟಾಂತವು ಪ್ರಸಿದ್ಧವಾದುದೇ, ಆದರೆ ದಾರ್ಷ್ಟಾಂತಿಕಕ್ಕೆ ಹೊಂದುವುದಿಲ್ಲ. ಹಗ್ಗದ ಮುಂದೆ ನಿಂತವನನ್ನು ಹಾವು ಕಚ್ಚಿರಲಿಲ್ಲ. ಇವಳನ್ನು ಒಮ್ಮೆ ಕಚ್ಚಿದೆ. ಅದೇ ದಾರಿ, ಅದೇ ಮುಚ್ಚಂಜೆ, ಅದೇ ಆಕಾರ. ಈ ಸಲ ಬಿದ್ದಿರುವುದು ಹಗ್ಗವೇ ಆಗಿರಬಹುದು, ಬಹುಮಟ್ಟಿಗೆ ಹಗ್ಗವೇ ಆಗಿರುತ್ತದೆ; ಆದರೂ ಅವಳು ಅಳುಕಿದರೆ ಅದನ್ನು ಭ್ರಾಂತಿಯೆನ್ನಲು ಬರುವುದಿಲ್ಲ. ಮತ್ತೂ ಒಂದು ವ್ಯತ್ಯಾಸವುಂಟು. ಹಗ್ಗದ ಬಳಿಗೆ ದೀಪವನ್ನು ಒಯ್ಯಬಹುದು, ಗರ್ಭದ ಬಳಿಗೆ ಒಯ್ಯುವುದೆಂತು? ಈಗಿನ ಕಾಲದಲ್ಲಿ ಅದನ್ನೂ ಒಯ್ಯುತ್ತಾರೆನ್ನಬೇಕು. ಸ್ಕ್ಯಾನಿಂಗ್ ಎಂದು ಜನರು ಕರೆಯುವ ಪರೀಕ್ಷೆಯಲ್ಲಿ ಸುಮಾರು 6 ವಾರಗಳ ಹೊತ್ತಿಗೆ ಗರ್ಭದ ಹೃದಯದ ಮಿಡಿತವು ಪರದೆಯ ಮೇಲೆ ಕಾಣತೊಡಗುತ್ತದೆ. ಅದು ಕಂಡ ಮೇಲೆ ಗರ್ಭವು ಉಳಿದು ಬೆಳೆಯುವ ಸಂಭವವು ಹೆಚ್ಚುತ್ತದೆ. ದೊಡ್ಡ ಉಪಕಾರವೇ ಸರಿ. ಆದರೆ ಆ ದೀಪವು ಬೆಳಗುವುದು ಆ ಗಳಿಗೆಯೊಂದನ್ನು ಮಾತ್ರ. ಆಸ್ಪತ್ರೆಯ ಮೆಟ್ಟಲಿಳಿದು ಬಸ್ಸನ್ನು ಹತ್ತುವಷ್ಟರಲ್ಲಿಯೇ ‘ಆಗ ಇದ್ದಿತು, ಈಗ?’ ಎಂಬ ಶಂಕೆಯು ತಲೆಯೆತ್ತುತ್ತದೆ. ಮುಂದಿನ ಪರೀಕ್ಷೆಯ ದಿನದವರೆಗೆ ಅವಳು ಕತ್ತಲೆಯಲ್ಲಿಯೇ ಇರತಕ್ಕದ್ದು.

ಹಾಗಾದರೆ ತಿಳಿವಳಿಕೆಯಿಂದ ಪ್ರಯೋಜನವೇ ಇಲ್ಲವೆ? ಉಂಟು, ಆದರೆ ಅದು ಭಯವನ್ನು ಕಳೆಯುವುದಕ್ಕಿಂತ ಹೆಚ್ಚಾಗಿ ಅಪರಾಧಭಾವವನ್ನು ಕಳೆಯುತ್ತದೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ನಾಲ್ಕನೆಯ ತಿಂಗಳವರೆಗೆ ಹೋಗುವುದು ಸ್ರಾವವೆಂದೂ, ಐದು ಆರನೆಯ ತಿಂಗಳುಗಳಲ್ಲಿ ಹೋಗುವುದು ಪಾತವೆಂದೂ ವಿಭಾಗಿಸಿ ಹೇಳಿದೆ. ಹುಳು ಹಿಡಿದೋ, ಗಾಳಿಗೆ ಸಿಕ್ಕಿಯೋ, ಪೆಟ್ಟು ತಗಲಿಯೋ ಹಣ್ಣು ಅಕಾಲದಲ್ಲಿ ತೊಟ್ಟು ಕಳಚುವಂತೆ ಗರ್ಭವೂ ಕಳಚುವುದೆಂಬ ಉಪಮಾನವೂ ಅಲ್ಲಿಯೇ ಇದೆ. ಹಣ್ಣು ಉದುರಿದ್ದಕ್ಕೆ ಮರವನ್ನು ಬೈಯುವವರು ಯಾರೂ ಇಲ್ಲವಷ್ಟೆ. ಇಂದಿನ ವೈದ್ಯಶಾಸ್ತ್ರವು ಆ ಹುಳುವನ್ನು ಇನ್ನೂ ಒಳಗೆ ಹೊಕ್ಕು ನೋಡಿದೆ: ಮೊದಲ ಮೂರು ತಿಂಗಳುಗಳಲ್ಲಿ ಇಳಿದುಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ, ಕ್ರೋಮೋಸೋಮುಗಳೆಂದು ಕರೆಯುವ ವರ್ಣತಂತುಗಳ ಸಂಖ್ಯೆಯೋ ರಚನೆಯೋ ಆರಂಭದಲ್ಲಿಯೇ ತಪ್ಪಿರುತ್ತದೆ. ಅವಳು ಭಾರವಾದ ಕೊಡವನ್ನು ಎತ್ತಿದ್ದಲ್ಲ, ಮೆಟ್ಟಲು ಹತ್ತಿದ್ದಲ್ಲ, ತವರಿನ ಮದುವೆಗೆ ಹೋಗಿಬಂದದ್ದಲ್ಲ, ಯಾರ ಮೇಲೋ ಸಿಡುಕಿದ್ದಲ್ಲ. ಮನೆಯವರು ವರ್ಷಗಟ್ಟಲೆ ಪಿಸುಗುಟ್ಟುವ ಕಾರಣಗಳಲ್ಲಿ ಬಹುತೇಕವು ಕಾರಣಗಳೇ ಅಲ್ಲ. ಇದನ್ನು ಅವಳಿಗಿಂತ ಮೊದಲು ಅವಳ ಸುತ್ತಲಿನವರು ತಿಳಿಯಬೇಕು.

ಸಂಖ್ಯೆಗಳ ಮಾತು ಬೇರೆ. 2021ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯು ಪ್ರಕಟಿಸಿದ ಲೇಖನಮಾಲೆಯ ಪ್ರಕಾರ, ತಿಳಿದುಬಂದ ಗರ್ಭಗಳಲ್ಲಿ ನೂರಕ್ಕೆ ಸುಮಾರು 15 ಹೀಗೆ ಕಳೆದುಹೋಗುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ 2 ಕೋಟಿ 30 ಲಕ್ಷ. ಕಾರಣವು ತಿಳಿಯದೆ ಮೂರು ಅಥವಾ ಹೆಚ್ಚು ಸಲ ಕಳೆದುಕೊಂಡ 836 ಮಂದಿ ಸ್ತ್ರೀಯರಿಗೆ ಬ್ರಿಟನ್ ಮತ್ತು ನೆದರ್ಲೆಂಡ್ಸ್ ದೇಶಗಳಲ್ಲಿ ಪ್ರೊಜೆಸ್ಟೆರೋನ್ ಎಂಬ ಔಷಧವನ್ನು ಕೊಟ್ಟೂ ಕೊಡದೆಯೂ ಪರೀಕ್ಷಿಸಿದ ಫಲವು 2015ರಲ್ಲಿ ಹೊರಬಂದಿತು. ಔಷಧವನ್ನು ಪಡೆದವರಲ್ಲಿ ನೂರಕ್ಕೆ 65.8ರಷ್ಟು ಮಂದಿಗೆ ಕೂಸು ದಕ್ಕಿತು. ಬರಿಯ ಹುಸಿಮಾತ್ರೆಯನ್ನು ಪಡೆದವರಲ್ಲಿ 63.3ರಷ್ಟು ಮಂದಿಗೆ. ಎರಡಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲವೆಂದು ಪಂಡಿತರು ನಿರ್ಣಯಿಸಿದರು. ಅದೇ ಔಷಧವು, ಹಿಂದೆ ಕಳೆದುಕೊಂಡು ಈಗ ಮತ್ತೆ ರಕ್ತ ಕಾಣಿಸಿಕೊಂಡವರಿಗೆ ಉಪಯೋಗಕ್ಕೆ ಬರಬಹುದೆಂದು 2019ರಲ್ಲಿ ಪ್ರಕಟವಾದ, ನಾಲ್ಕು ಸಾವಿರಕ್ಕೂ ಮಿಕ್ಕ ಸ್ತ್ರೀಯರ ಪರೀಕ್ಷೆಯಿಂದ ತೋರಿತು. ಅದು ವೈದ್ಯರು ನಿಶ್ಚಯಿಸತಕ್ಕ ವಿಷಯ. ಇಲ್ಲಿ ಗಮನಿಸತಕ್ಕದ್ದು ಬೇರೆ: ಮೂರು ಸಲ ಎಡವಿದವರಲ್ಲಿಯೂ, ಏನೂ ಔಷಧವಿಲ್ಲದೆಯೇ, ಮೂವರಲ್ಲಿ ಸುಮಾರು ಇಬ್ಬರ ಮಡಿಲು ತುಂಬಿತು. ಒಮ್ಮೆ ಮಾತ್ರ ಕಳೆದುಕೊಂಡವಳಿಗೆ ಆಶೆಗೆ ಇನ್ನೂ ಹೆಚ್ಚಿನ ಅವಕಾಶವುಂಟು.

ಇಷ್ಟು ಕೇಳಿದ ಮೇಲೂ ಅವಳು ಹೆದರಿದರೆ? ಹೆದರಿಯೇ ಹೆದರುತ್ತಾಳೆ. ನೂರಕ್ಕೆ ಇಷ್ಟೆಂಬ ಲೆಕ್ಕವು ನೂರು ಮಂದಿಯಿದ್ದಲ್ಲಿ ನಿಜ. ಅವಳ ಗರ್ಭವು ಒಂದೇ. ಕಳೆದ ಸಲವೂ ಲೆಕ್ಕವು ಅವಳ ಕಡೆಗೇ ಇದ್ದಿತು, ಆದರೂ ಅವಳು ಆ ಹದಿನೈದರೊಳಗೆ ಬಿದ್ದಳು. ಗಣಿತವನ್ನು ತಿಳಿಯದೆ ಅವಳು ಹೆದರುವುದಲ್ಲ; ಶೇಷವೆಂದರೆ ಏನೆಂಬುದನ್ನು ಮೈಯಿಂದ ತಿಳಿದಿರುವುದರಿಂದ ಹೆದರುತ್ತಾಳೆ.

ಈಗ ಪ್ರಬಲವಾದ ಪೂರ್ವಪಕ್ಷವೊಂದು ಎದುರಿಗೆ ನಿಲ್ಲುತ್ತದೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಕ್ಕೆ ಕೇಡುಂಟುಮಾಡುವ ಸಂಗತಿಗಳನ್ನು ಎಣಿಸುವಾಗ, ಸದಾ ಶೋಕದಲ್ಲಿರುವ ಬಸುರಿಯ ಕೂಸು ಅಂಜುಬುರುಕನೋ ಕೃಶನೋ ಅಲ್ಪಾಯುವೋ ಆಗುವುದೆಂದು ಹೇಳಿದೆ. ಇದನ್ನು ಅರೆಬರೆ ಕೇಳಿ ತಿಳಿದವರು ಬಸುರಿಯ ಮುಂದೆ ಒಪ್ಪಿಸುತ್ತಾರೆ: ‘ನೀನು ಚಿಂತೆಮಾಡಿದರೆ ಹೊಟ್ಟೆಯೊಳಗಿನ ಕೂಸಿಗೆ ಕೇಡು.’ ಚಿತೆಗೂ ಚಿಂತೆಗೂ ಬಿಂದುವೊಂದರ ವ್ಯತ್ಯಾಸವನ್ನು ಹೇಳುವ ಸುಭಾಷಿತವನ್ನು ಅವಳ ಮುಂದೆಯೇ ಪಠಿಸುವ ರಸಿಕರೂ ಉಂಟು. ಪರಿಣಾಮವೇನೆಂದರೆ, ಅದುವರೆಗೆ ಕೂಸು ಹೋದೀತೆಂದು ಮಾತ್ರ ಹೆದರುತ್ತಿದ್ದವಳು, ಈಗ ತನ್ನ ಹೆದರಿಕೆಯೇ ಅದನ್ನು ಕೊಂದೀತೆಂದು ಹೆದರತೊಡಗುತ್ತಾಳೆ. ಉರಿಯುವ ಒಲೆಯನ್ನು ಆರಿಸಲು ಎಣ್ಣೆಯನ್ನು ಸುರಿದಂತಾಯಿತು.

ಇದಕ್ಕೆ ಎರಡು ಸಮಾಧಾನಗಳು. ಲೋಕಸಹಜವಾದ ಕಳವಳದಿಂದ ಗರ್ಭವು ಇಳಿದುಹೋಗುವುದೆಂಬುದನ್ನು ಇಂದಿನ ವೈದ್ಯಶಾಸ್ತ್ರವು ಸಿದ್ಧಪಡಿಸಿಲ್ಲ; ಮೇಲೆ ಹೇಳಿದ ವರ್ಣತಂತುಗಳ ದೋಷವು ತಾಯಿಯ ಮನಸ್ಸನ್ನು ಕೇಳಿ ಉಂಟಾಗತಕ್ಕದ್ದಲ್ಲ. ಇದು ಒಂದು. ಎರಡನೆಯದು ಚರಕನಿಂದಲೇ ಸಿಗುತ್ತದೆ, ಮತ್ತು ಅದು ಹೆಚ್ಚು ಬೆಲೆಯುಳ್ಳದ್ದು. ಅದೇ ಅಧ್ಯಾಯದಲ್ಲಿ ಗರ್ಭಿಣಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಗೆ ಹೋಲಿಸಿದೆ. ತುಳುಕದಂತೆ ಅದನ್ನು ಹೇಗೆ ಒಯ್ಯಬೇಕೋ ಹಾಗೆ ಅವಳ ಉಪಚಾರವು ನಡೆಯಬೇಕೆಂದು ತಾತ್ಪರ್ಯ. ಈ ಉಪಮಾನವನ್ನು ಉದಾಹರಿಸುವವರಲ್ಲಿ ಬಹುಮಂದಿ, ‘ಆದುದರಿಂದ ಅವಳು ಅಲುಗಾಡದೆ ಎಚ್ಚರಿಕೆಯಿಂದಿರಬೇಕು’ ಎಂದು ಮುಗಿಸಿಬಿಡುತ್ತಾರೆ. ವ್ಯಾಕರಣವು ಹಾಗೆ ಹೇಳುವುದಿಲ್ಲ. ಅಲ್ಲಿ ಗರ್ಭಿಣಿಯನ್ನು ‘ಉಪಚರ್ಯಾ’ ಎಂದು ಕರೆದಿದೆ; ಕರ್ಮಣಿಪ್ರಯೋಗದ ಕೃತ್ಯಪ್ರತ್ಯಯವದು, ಉಪಚರಿಸಲ್ಪಡತಕ್ಕವಳು ಎಂದರ್ಥ. ತುಳುಕಿಸದೆ ಇರತಕ್ಕವನು ತೃತೀಯಾವಿಭಕ್ತಿಯಲ್ಲಿ ನಿಂತ ಬೇರೊಬ್ಬನು. ಪಾತ್ರೆಯು ತನ್ನನ್ನು ತಾನು ಹೊತ್ತುಕೊಂಡು ನಡೆಯಲಾರದಷ್ಟೆ! ತುಳುಕಿದರೆ ಪಾತ್ರೆಯನ್ನು ಗದರಿಸುವವನು ತನ್ನ ಕೈಯನ್ನು ನೋಡಿಕೊಳ್ಳಬೇಕಲ್ಲವೆ? ಶೋಕವು ಕೇಡೆಂಬ ವಾಕ್ಯವನ್ನೂ ಈ ವಾಕ್ಯದೊಡನೆ ಸೇರಿಸಿಯೇ ಓದತಕ್ಕದ್ದು. ಹಾಗೆ ಓದಿದರೆ ಅದು ಬಸುರಿಗೆ ಹಾಕಿದ ಬೆದರಿಕೆಯಾಗದೆ, ಅವಳನ್ನು ಶೋಕಕ್ಕೆ ಗುರಿಮಾಡುವ ಮನೆಯವರಿಗೆ ಕೊಟ್ಟ ಎಚ್ಚರಿಕೆಯಾಗುತ್ತದೆ.

ಹಿಂದಿನವರು ಈ ಭಯವನ್ನು ಅರಿಯದವರಲ್ಲ. ಋಗ್ವೇದದ ಹತ್ತನೆಯ ಮಂಡಲದ 162ನೆಯ ಸೂಕ್ತವು ಗರ್ಭವನ್ನು ಕೆಡಿಸುವ ದುಷ್ಟಶಕ್ತಿಯನ್ನು ಓಡಿಸುವುದಕ್ಕಾಗಿಯೇ ಇರತಕ್ಕದ್ದು. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಪುಂಸವನದ ಜೊತೆಗೆ ಅನವಲೋಭನವೆಂಬ ಕರ್ಮವೊಂದನ್ನು ಹೇಳಿದೆ. ಗರ್ಭವು ಜಾರದಿರಲೆಂಬುದೇ ಅದರ ಉದ್ದೇಶ. ಸೀಮಂತದಲ್ಲಿ ವೀಣೆಯವರಿಬ್ಬರನ್ನು ಕೂರಿಸಿ ಹಾಡಿಸಬೇಕೆಂದು ಅದೇ ಸೂತ್ರವು ವಿಧಿಸುತ್ತದೆ. ಇವುಗಳ ಫಲಾಫಲವನ್ನು ಕುರಿತು ಒಬ್ಬೊಬ್ಬರ ಶ್ರದ್ಧೆಯು ಒಂದೊಂದು ಬಗೆಯಾಗಿರಬಹುದು. ಪ್ರಕೃತಕ್ಕೆ ಬೇಕಾದದ್ದು ಇಷ್ಟೆ: ಅವರು ಬಸುರಿಯನ್ನು ‘ಹೆದರಬೇಡ’ ಎಂದು ಗದರಿಸಿ ಸುಮ್ಮನಾಗಲಿಲ್ಲ. ಹೆದರಿಕೆಯುಂಟೆಂದು ಒಪ್ಪಿಕೊಂಡು, ಅದಕ್ಕೊಂದು ದಿನ, ಒಂದು ಮಂತ್ರ, ಒಂದು ಹಾಡನ್ನು ಗೊತ್ತುಮಾಡಿ, ಒಬ್ಬಳ ಎದೆಯಲ್ಲಿದ್ದುದನ್ನು ಇಡಿಯ ಮನೆಯ ನಡುವೆ ತಂದಿಟ್ಟರು. ಹೋದದ್ದಕ್ಕೂ ಅವರಲ್ಲಿ ಲೆಕ್ಕವಿದ್ದಿತು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ, ಗರ್ಭಸ್ರಾವವಾದಾಗ ಎಷ್ಟು ತಿಂಗಳ ಗರ್ಭವೋ ಅಷ್ಟು ರಾತ್ರಿಗಳ ಆಶೌಚವನ್ನು ವಿಧಿಸಿದೆ. ಶುದ್ಧಾಶುದ್ಧಗಳ ವಿಚಾರವನ್ನು ಇಂದು ಯಾರು ಹೇಗೆ ಎಣಿಸಿದರೂ ಸರಿಯೆ. ಮೂರು ತಿಂಗಳದು ಹೋದರೆ ಮೂರು ರಾತ್ರಿಯಾದರೂ ಮನೆಯವರು ‘ಏನೋ ಹೋಯಿತು’ ಎಂದು ಒಪ್ಪಿಕೊಳ್ಳುತ್ತಿದ್ದರು. ಈಗ ಅನೇಕ ಮನೆಗಳಲ್ಲಿ ಆ ಮೂರು ರಾತ್ರಿಗಳೂ ಇಲ್ಲ. ಮಾರನೆಯ ದಿನವೇ ಅವಳು ಕಚೇರಿಗೋ ಅಡಿಗೆಮನೆಗೋ ನಡೆಯುತ್ತಾಳೆ. ಉದ್ಯೋಗಸ್ಥೆಯರಿಗೆ ಇಂಥ ಸಮಯದಲ್ಲಿ ಸಂಬಳಸಹಿತ ಆರು ವಾರಗಳ ವಿರಾಮವನ್ನು 1961ರ ಮಾತೃತ್ವ ಸೌಲಭ್ಯದ ಕಾನೂನೇ ಗೊತ್ತುಮಾಡಿತ್ತಾದರೂ, ಬಾಯಿಬಿಟ್ಟು ಕೇಳಿ ಪಡೆದವರು ವಿರಳ. ಕೇಳಿದರೆ ನಡೆದದ್ದನ್ನು ಹೇಳಬೇಕಾಗುವುದಲ್ಲ!

ಈ ಹೇಳದಿರುವಿಕೆಯೂ ವಿಚಾರಾರ್ಹವಾದುದೇ. ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿಯನ್ನು ಹೊರಗೆ ಹಬ್ಬಿಸಬಾರದೆಂಬುದು ನಮ್ಮಲ್ಲಿ ರೂಢಿ. ಕೂಸು ಹುಟ್ಟುವ ಮೊದಲು ತೊಟ್ಟಿಲನ್ನು ತರುವುದಿಲ್ಲ, ಹೊಸ ಬಟ್ಟೆಯನ್ನು ಹೊಲಿಸುವುದಿಲ್ಲ. ಹಿಂದಿನ ಕೂಸುಗಳು ಉಳಿಯದೆ ಹೋದ ಮನೆಯಲ್ಲಿ, ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ‘ತಿಪ್ಪ’ನೆಂದು ಹೆಸರಿಡುವ ಪದ್ಧತಿಯು ಹಳ್ಳಿಗಳಲ್ಲಿದ್ದಿತು. ಬೆಲೆಯಿಲ್ಲದ ವಸ್ತುವೆಂದು ತೋರಿಸಿದರೆ ಮೃತ್ಯುವು ಕಣ್ಣುಹಾಕದೆಂಬ ಎಣಿಕೆ. ವಿದ್ಯಾವಂತರು ಇದನ್ನು ಕೇಳಿ ನಗುವುದುಂಟು. ಎದೆಯೊಳಗಿನ ಚಿನ್ನವನ್ನು ಕಸದಲ್ಲಿ ಮುಚ್ಚಿಟ್ಟ ತಾಯಿಯ ಮನಸ್ಸನ್ನು ಕಂಡವರು ನಗಲಾರರು. ಆದರೆ ಮುಚ್ಚಿಡುವ ರೂಢಿಗೆ ಎರಡು ಅಲಗುಗಳುಂಟು. ಸುದ್ದಿಯನ್ನು ಯಾರಿಗೂ ಹೇಳದಿದ್ದರೆ, ಗರ್ಭವು ಹೋದಾಗ ದುಃಖವನ್ನೂ ಯಾರಿಗೂ ಹೇಳುವಂತಿಲ್ಲ. ಎರಡನೆಯ ಸಲ ಅವಳು ಹೆದರುವಾಗ, ಅವಳೇಕೆ ಹೆದರುತ್ತಾಳೆಂಬುದೇ ಅರ್ಧ ಮನೆಗೆ ತಿಳಿದಿರುವುದಿಲ್ಲ. ‘ಎಲ್ಲರೂ ಹೆರುವುದಿಲ್ಲವೆ, ಇವಳದೊಂದು ಅತಿಶಯ’ ಎಂಬ ಓರಗಿತ್ತಿಯ ಮಾತು ಹುಟ್ಟುವುದು ಇಂಥಲ್ಲಿಯೇ. ಊರಿಗೆಲ್ಲ ಸಾರಬೇಕೆಂಬುದಲ್ಲ, ಮನೆಯಲ್ಲಿ ಒಬ್ಬರೋ ಇಬ್ಬರೋ, ಹೋದರೆ ಅಳಲು ಜೊತೆಗಿರತಕ್ಕವರು, ಮೊದಲ ದಿನದಿಂದಲೇ ತಿಳಿದಿರುವುದು ಮೇಲು.

ಶ್ರದ್ಧೆಯಿದ್ದವರಿಗೆ ಭಯವಿರಕೂಡದೆಂಬ ಮಾತೊಂದು ಉಳಿಯಿತು. ‘ದೇವರಮೇಲೆ ಭಾರಹಾಕಿದ ಮೇಲೂ ಹೆದರುತ್ತೀಯಲ್ಲ, ನಿನಗೆ ನಂಬಿಕೆಯಿಲ್ಲ’ ಎಂದು ಆಕ್ಷೇಪಿಸುವ ಭಕ್ತರು ಭಾಗವತದ ದಶಮಸ್ಕಂಧವನ್ನು ಸಾವಧಾನವಾಗಿ ಓದಬೇಕು. ದೇವಕಿಯ ಆರು ಮಕ್ಕಳನ್ನು ಕಂಸನು ಕೊಂದಿದ್ದನು. ಏಳನೆಯ ಗರ್ಭವನ್ನು ಯೋಗಮಾಯೆಯು ರೋಹಿಣಿಯ ಉದರಕ್ಕೆ ಒಯ್ದಾಗ, ದೇವಕಿಯ ಗರ್ಭವು ಸ್ರವಿಸಿಹೋಯಿತೆಂದು ಪುರಜನರು ಮರುಗಿದರು. ಎಂಟನೆಯದಾಗಿ ಸಾಕ್ಷಾತ್ ಭಗವಂತನೇ ಅವಳ ಗರ್ಭದಲ್ಲಿ ನೆಲಸಿದನು. ಬ್ರಹ್ಮರುದ್ರಾದಿಗಳು ಸೆರೆಮನೆಗೆ ಬಂದು ಸ್ತುತಿಮಾಡಿ, ಸಾಯಲಿರುವ ಕಂಸನಿಗೆ ಹೆದರಬೇಡವೆಂದು ಅವಳಿಗೆ ಅಭಯವನ್ನಿತ್ತರು. ‘ಹೆದರಬೇಡ’ ಎಂಬುದನ್ನು ಇದಕ್ಕಿಂತ ಹೆಚ್ಚಿನ ಅಧಿಕಾರದಿಂದ ಹೇಳಬಲ್ಲವರು ಯಾರಿದ್ದಾರೆ? ಆಮೇಲೆ ಚತುರ್ಭುಜನಾಗಿ ಹರಿಯು ಎದುರಿಗೆ ಪ್ರಕಟನಾದನು. ಆಗಲಾದರೂ ಅವಳ ಭಯವು ಹೋಯಿತೆ? ಅವನು ಯಾರೆಂಬುದನ್ನು ಚೆನ್ನಾಗಿ ಬಲ್ಲವಳಾಗಿ ಸ್ತುತಿಸಿಯೂ, ಅವನ ನಿಮಿತ್ತವಾಗಿಯೇ ಕಂಸನಿಗೆ ಹೆದರಿ ತನ್ನ ಮನಸ್ಸು ಕಂಗೆಟ್ಟಿದೆಯೆಂದೂ, ಈ ರೂಪವನ್ನು ಮರೆಮಾಡಬೇಕೆಂದೂ ಬೇಡಿಕೊಂಡಳು. ಜ್ಞಾನವಿತ್ತು, ಭಕ್ತಿಯಿತ್ತು, ದರ್ಶನವೇ ಆಗಿತ್ತು, ಭಯವೂ ಇತ್ತು. ಭಗವಂತನು ಅದಕ್ಕಾಗಿ ಅವಳನ್ನು ಆಕ್ಷೇಪಿಸಲಿಲ್ಲ. ಬೇಡಿದಂತೆಯೇ ರೂಪವನ್ನು ಮರೆಸಿಕೊಂಡು ಸಾಮಾನ್ಯ ಶಿಶುವಾದನು. ಅದೇ ಪುರಾಣದ ಪ್ರಥಮಸ್ಕಂಧದಲ್ಲಿ, ಉರಿಯುತ್ತ ಬಂದ ಅಸ್ತ್ರವನ್ನು ಕಂಡು ಓಡಿಬಂದ ಉತ್ತರೆಯು, ತನ್ನನ್ನು ಸುಟ್ಟರೂ ಸುಡಲಿ, ಗರ್ಭವು ಬೀಳದಿರಲೆಂದು ಮೊರೆಯಿಟ್ಟಾಗಲೂ ಅವಳಿಗೆ ದೊರೆತದ್ದು ರಕ್ಷಣೆಯೇ ಹೊರತು ಉಪದೇಶವಲ್ಲ.

ಹೀಗಿರಲಾಗಿ, ಧೈರ್ಯವೆಂದರೆ ಭಯದ ಅಭಾವವೆಂಬ ಲಕ್ಷಣವು ಇಲ್ಲಿ ಸಲ್ಲದು. ವಿಕಾರಕ್ಕೆ ಕಾರಣವಿದ್ದರೂ ಮನಸ್ಸು ವಿಕಾರಗೊಳ್ಳದಿರುವುದೇ ಧೀರತ್ವವೆಂದು ಹೇಳಿದ ಮಹಾಕವಿಯು ತಪಸ್ಸಿಗೆ ಕುಳಿತ ಪರಶಿವನನ್ನು ಕುರಿತು ಹೇಳಿದನು. ಪ್ರತಿ ಮಾಸವೂ ದೇಹವೇ ಮಾರ್ಪಡುತ್ತಿರುವ ಗರ್ಭಿಣಿಯನ್ನು ಕುರಿತಲ್ಲ. ಒಳಗೆ ಅಳುಕನ್ನು ಇಟ್ಟುಕೊಂಡೇ ಹೊತ್ತಿಗೆ ಸರಿಯಾಗಿ ಉಣ್ಣುವವಳು, ಮಾತ್ರೆಯನ್ನು ನುಂಗುವವಳು, ಪರೀಕ್ಷೆಯ ದಿನ ಕಾಲು ನಡುಗುತ್ತಿದ್ದರೂ ಎದ್ದು ಹೋಗುವವಳು ಧೀರೆಯಲ್ಲವಾದರೆ ಆ ಶಬ್ದಕ್ಕೆ ಅರ್ಥವಿಲ್ಲ.

ಇವಳು ಮಾಡುವ ಇನ್ನೊಂದು ಉಪಾಯವುಂಟು. ಅದರ ಬಲಾಬಲವನ್ನು ನೋಡಬೇಕು. ಈ ಸಲ ಮನಸ್ಸನ್ನು ಇಡುವುದಿಲ್ಲವೆಂದು ಅವಳು ಒಳಗೊಳಗೇ ನಿಶ್ಚಯಿಸಿರುತ್ತಾಳೆ. ತಿಂಗಳೆಣಿಸುವುದಿಲ್ಲ, ಹೆಸರನ್ನು ಯೋಚಿಸುವುದಿಲ್ಲ, ಬಯಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಈಗಲೇ ಸ್ವಲ್ಪ ದುಃಖಿಸಿಕೊಂಡಿದ್ದರೆ ಮುಂದೆ ಹೋದಾಗ ಅಷ್ಟು ಕಡಿಮೆಯಾದೀತೆಂಬುದು ಅವಳ ಲೆಕ್ಕ. ಸಾಲವಾಗಿದ್ದರೆ ಕಂತಿನ ಮೇಲೆ ಕಂತು ಕಟ್ಟಿ ಅಸಲನ್ನು ಇಳಿಸಬಹುದಾಗಿತ್ತು. ದುಃಖದಲ್ಲಿ ಮುಂಗಡವಾಗಿ ಕಟ್ಟಿದ್ದನ್ನು ಯಾರೂ ಜಮೆಗೆ ಹಿಡಿಯುವುದಿಲ್ಲ; ಬಂದರೆ ಪೂರ್ತಿಯಾಗಿಯೇ ಬರುತ್ತದೆ, ಬಾರದಿದ್ದರೆ ಕಟ್ಟಿದ್ದೆಲ್ಲವೂ ನಷ್ಟ. ಆದರೂ ಇದಕ್ಕಾಗಿ ಅವಳನ್ನು ಕಠಿಣಳೆನ್ನುವುದು ಅನ್ಯಾಯ. ಮನಸ್ಸಿಟ್ಟಿಲ್ಲವೆನ್ನುವವಳೇ ನಡುರಾತ್ರಿಯಲ್ಲೆದ್ದು ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಾಳೆ. ಪರಂಗಿಹಣ್ಣಿನ ಹೆಸರೆತ್ತಿದರೆ ಎದ್ದುಹೋಗುತ್ತಾಳೆ. ಇನ್ನು ಕೆಲವರಿಗೆ, ಈಗಿನದರಲ್ಲಿ ಸಂತೋಷಪಟ್ಟರೆ ಹೋದದ್ದನ್ನು ಮರೆತಂತಾಯಿತೆಂಬ ಸಂಕೋಚ. ಹೋದದ್ದಕ್ಕೆ ನಾಮಕರಣವಿಲ್ಲ, ಪಿಂಡವಿಲ್ಲ, ತಿಥಿಯಿಲ್ಲ. ಅದು ಇದ್ದಿತೆಂಬುದಕ್ಕೆ ಅವಳ ದುಃಖವೊಂದೇ ಸಾಕ್ಷಿ. ಆ ಸಾಕ್ಷಿಯನ್ನು ಅಳಿಸಲು ಅವಳಿಗೆ ಮನಸ್ಸು ಬಾರದಿದ್ದರೆ ಆಶ್ಚರ್ಯವೇನು?

ಪಶ್ಚಿಮದೇಶದವರು ಈ ಕಾಯುವಿಕೆಗೆ ಹುಡುಕಿದ ಉಪಾಯವೊಂದು ನಮ್ಮ ಜಪಕ್ಕೆ ಸಮೀಪವಾಗಿರುವುದು ಸ್ವಾರಸ್ಯದ ಸಂಗತಿ. ಕೃತಕ ಗರ್ಭಧಾರಣೆಯ ಚಿಕಿತ್ಸೆಯನ್ನು ಪಡೆದು ಫಲವನ್ನು ಕಾಯುವ ಸ್ತ್ರೀಯರಿಗಾಗಿ ಬ್ರಿಟನ್ನಿನ ಕಾರ್ಡಿಫಿನಲ್ಲಿ ಮನಶ್ಶಾಸ್ತ್ರಜ್ಞೆಯರು ಹತ್ತು ವಾಕ್ಯಗಳ ಒಂದು ಚಿಕ್ಕ ಚೀಟಿಯನ್ನು ಸಿದ್ಧಪಡಿಸಿದರು. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಓದಿಕೊಳ್ಳತಕ್ಕದ್ದು. ತರುವಾಯ ನೆದರ್ಲೆಂಡ್ಸ್‌ನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಪದೇ ಪದೇ ಗರ್ಭವನ್ನು ಕಳೆದುಕೊಂಡು ಮತ್ತೆ ಬಸುರಿಯಾದವರಿಗೆ ಅದನ್ನು ಕೊಟ್ಟು ನೋಡಿದರು. ಎಲ್ಲವೂ ಒಳ್ಳೆಯದಾಗುವುದೆಂದು ಆ ಚೀಟಿಯು ಭರವಸೆ ಕೊಡುವುದಿಲ್ಲ. ಫಲವು ಕೈಯಲ್ಲಿಲ್ಲದಿದ್ದರೂ ಈ ಕಾಯುವ ಹೊತ್ತಿನೊಳಗೇ ಒಳ್ಳೆಯದೇನಿದೆಯೋ ಅದರ ಕಡೆಗೆ ಮನಸ್ಸನ್ನು ತಿರುಗಿಸಲು ಹೇಳುತ್ತದೆ, ಅಷ್ಟೆ. ಅದನ್ನು ಸಿದ್ಧೌಷಧವೆನ್ನಲು ಬಾರದು. ಆದರೂ ಸುಳ್ಳು ಭರವಸೆಗಿಂತ ಅದು ಸತ್ಯಕ್ಕೆ ಹತ್ತಿರವಾಗಿದೆ.

ಸುತ್ತಲಿನವರ ಕರ್ತವ್ಯದ ವಿಷಯವಾಗಿ ನಾರ್ವೆ ದೇಶದಿಂದ 1984ರಲ್ಲಿ ಬಂದ ವರದಿಯೊಂದು ಪ್ರಸಿದ್ಧವಾಗಿದೆ. ಪದೇ ಪದೇ ಗರ್ಭನಷ್ಟವಾದ 195 ದಂಪತಿಗಳನ್ನು ಪರಿಶೀಲಿಸಿದ ಅಲ್ಲಿನ ವೈದ್ಯರು, ಕಾರಣವೇ ತಿಳಿಯದವರಲ್ಲಿ, ಆಗಾಗ ಕರೆದು ಪರೀಕ್ಷಿಸಿ ಧೈರ್ಯಹೇಳಿ ಆದರದಿಂದ ನೋಡಿಕೊಂಡ ಸ್ತ್ರೀಯರ ಗರ್ಭವು ಇತರರದಕ್ಕಿಂತ ಹೆಚ್ಚಾಗಿ ಉಳಿಯಿತೆಂದು ಕಂಡರು. ಸರಿಸಮನಾಗಿ ಚೀಟಿಯೆತ್ತಿ ವಿಭಾಗಿಸಿದ ಪರೀಕ್ಷೆಯಲ್ಲವಾದುದರಿಂದ, ಆದರವೇ ಗರ್ಭವನ್ನು ಉಳಿಸಿತೆಂದು ಖಂಡಿತವಾಗಿ ಹೇಳಲಾಗದು. ಉಳಿಸದಿದ್ದರೂ ಆದರಿಸಬೇಕಾದದ್ದೇ ಎಂಬುದಕ್ಕೆ ಪ್ರಮಾಣ ಬೇಕೆ? ಇದಕ್ಕೆ ವಿಪರೀತವಾಗಿ, ಮನೆಯವರು ಆದರವೆಂದು ಭಾವಿಸಿ ವಿಧಿಸುವ ಮಂಚದ ಸೆರೆಯಿದೆಯಲ್ಲ, ಹಾಸಿಗೆಯಿಂದ ಇಳಿಯಕೂಡದೆಂಬ ಕಟ್ಟುಪಾಡು, ಅದು ಗರ್ಭಸ್ರಾವವನ್ನು ತಡೆಯುತ್ತದೆಂಬುದಕ್ಕೆ ಆಧಾರವಿಲ್ಲವೆಂದು ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿದ ಪಂಡಿತರು 2005ರಲ್ಲಿಯೇ ಹೇಳಿದರು. ವೈದ್ಯರು ವಿಶೇಷ ಕಾರಣದಿಂದ ವಿಧಿಸಿದ್ದು ಬೇರೆ. ಕೆಲಸವಿಲ್ಲದೆ ಛಾವಣಿಯನ್ನು ನೋಡುತ್ತ ಮಲಗಿದವಳಿಗೆ ಭಯವೊಂದೇ ಸಂಗಾತಿ. ಅವಳಿಗೆ ಬೇಕಾದದ್ದು ಸಣ್ಣಪುಟ್ಟದ್ದು: ಪರೀಕ್ಷೆಯ ದಿನ ಗಂಡನು ರಜ ಹಾಕಿ ಜೊತೆಗೆ ಬರುವುದು; ‘ಏನೂ ಆಗುವುದಿಲ್ಲ’ ಎನ್ನುವ ಬದಲು ‘ಏನಾದರೂ ನಾನಿದ್ದೇನೆ’ ಎನ್ನುವುದು; ಹೋದ ಗರ್ಭದ ಮಾತನ್ನು ಅವಳು ತಾನಾಗಿ ಎತ್ತಿದಾಗ ‘ಈಗೇಕೆ ಅದು’ ಎಂದು ತಡೆಯದಿರುವುದು. ಗಂಡನೂ ಕಳೆದುಕೊಂಡವನೇ. ಅವನ ಅಂಜಿಕೆಯನ್ನು ಕೇಳುವವರಂತೂ ಯಾರೂ ಇಲ್ಲ; ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಒಂದೇ ಚಾಪೆಯ ಮೇಲೆ ಎಚ್ಚರವಾಗಿ ಮಲಗಿರುವ ಮನೆಗಳೆಷ್ಟೋ.

ಆದರೆ ಮರುಕದಿಂದ ಮೀರಿದ ಭಯವೂ ಉಂಟು. ವಾರಗಟ್ಟಲೆ ನಿದ್ರೆಯಿಲ್ಲದೆ, ಅನ್ನ ಸೇರದೆ, ಬದುಕೇ ಬೇಡವೆಂಬ ಮಾತು ಅವಳ ಬಾಯಲ್ಲಿ ಬಂದರೆ ಅದು ಅಜ್ಜಿಯ ಸಮಾಧಾನಕ್ಕೆ ಬಿಡತಕ್ಕದ್ದಲ್ಲ, ವೈದ್ಯರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಬಾಣಂತಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇಟ್ಟುಕೊಂಡು ಮನೋರೋಗಕ್ಕೆ ಚಿಕಿತ್ಸೆ ಮಾಡುವ ವಿಭಾಗವು 2009ರಲ್ಲಿ ಆರಂಭವಾಯಿತು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಇದನ್ನು ಹುಚ್ಚಿನ ಆಸ್ಪತ್ರೆಯೆಂದು ಹಿಂಜರಿಯುವ ಹಿರಿಯರು ಜ್ವರಕ್ಕೆ ಹಿಂಜರಿಯುವುದಿಲ್ಲವಷ್ಟೆ.

ಕೂಸೊಂದು ಕೈಗೆ ಬಂದರೆ ಎಲ್ಲವೂ ಮರೆತುಹೋಗುವುದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಂಗ್ಲೆಂಡಿನ ಏವನ್ ಪ್ರಾಂತದಲ್ಲಿ 13,000ಕ್ಕೂ ಮೇಲ್ಪಟ್ಟ ಬಸುರಿಯರನ್ನು ಹೆರಿಗೆಯ ತರುವಾಯವೂ ವರ್ಷಗಳ ಕಾಲ ವಿಚಾರಿಸುತ್ತ ಬಂದು, 2011ರಲ್ಲಿ ಪ್ರಕಟಿಸಿದ ಫಲವು ಹಾಗೆ ಹೇಳುವುದಿಲ್ಲ. ಹಿಂದೆ ಗರ್ಭವನ್ನು ಕಳೆದುಕೊಂಡಿದ್ದವರ ಕಳವಳವೂ ಖಿನ್ನತೆಯೂ ಆರೋಗ್ಯವಾದ ಕೂಸನ್ನು ಹೆತ್ತು ಎರಡೂವರೆ ವರ್ಷಗಳು ಕಳೆದ ಮೇಲೂ ಪೂರ್ತಿಯಾಗಿ ಅಡಗಿರಲಿಲ್ಲ. ತೊಟ್ಟಿಲಿನ ಮೇಲೆ ಬಗ್ಗಿ, ನಿದ್ರಿಸುವ ಕೂಸಿನ ಮೂಗಿನ ಬಳಿ ಬೆರಳಿಟ್ಟು ಉಸಿರನ್ನು ನೋಡುವ ತಾಯಂದಿರನ್ನು ಕಂಡವರಿಗೆ ಇದು ಹೊಸ ಸುದ್ದಿಯೇನೂ ಅಲ್ಲ. ಪುರಾಣಕಾರರೂ ಇದನ್ನು ಬಲ್ಲರು. ಕಂಸನು ಹತನಾಗಿ, ಸೆರೆಯು ಬಿಟ್ಟು, ಬಲರಾಮಕೃಷ್ಣರಿಬ್ಬರೂ ದ್ವಾರಕೆಯಲ್ಲಿ ಕಣ್ಣೆದುರಿಗೇ ಇದ್ದ ಕಾಲದಲ್ಲಿ, ಅಷ್ಟು ವರ್ಷಗಳ ತರುವಾಯ, ದೇವಕಿಯು ಅವರ ಮುಂದೆ ಕಣ್ಣೀರಿಡುತ್ತ ಕೇಳಿದ್ದು ಕಂಸನು ಕೊಂದ ಆ ಆರು ಮಕ್ಕಳನ್ನು. ಅಣ್ಣತಮ್ಮಂದಿರು ಸುತಲಲೋಕಕ್ಕೆ ಹೋಗಿ, ಬಲಿಚಕ್ರವರ್ತಿಯ ಬಳಿಯಿದ್ದ ಅವರನ್ನು ಕರೆತಂದರು. ಅವಳು ಒಬ್ಬೊಬ್ಬರನ್ನಾಗಿ ತೊಡೆಯ ಮೇಲೆತ್ತಿಕೊಂಡು, ಮತ್ತೆ ಮತ್ತೆ ನೆತ್ತಿಯನ್ನು ಮೂಸಿ, ಮೊಲೆಯೂಡಿದಳು.